ಅರಬ್ಬಿ ಸಾಹಿತ್ಯದ ಪೀಠಕ್ಕೆ ಒಂದು ಬಳಸುದಾರಿ

ಕೈರೋ ನಗರದ ಈಜಿಪ್ಟ್ ವಿಶ್ವವಿದ್ಯಾಲಯ 1925ರಲ್ಲಿ ಸರ್ಕಾರದ ಆಡಳಿತಕ್ಕೆ ಬಂದಿತು. ಅಲ್ಲಿಯವರೆಗೆ ಅದು ದಾನಿಗಳ ನೆರವಿನಿಂದ ನಡೆಯುತ್ತಿದ್ದ ಖಾಸಗಿ ಸಂಸ್ಥೆ. ಹೊಸ ವ್ಯವಸ್ಥೆಯಲ್ಲಿ ಅರಬ್ಬಿ ಸಾಹಿತ್ಯದ ಪ್ರಾಧ್ಯಾಪಕರಾಗಿ ನೇಮಕಗೊಂಡವರು ತಾಹಾ ಹುಸೇನ್. ಬಾಲ್ಯದಲ್ಲೇ ಇಡೀ ಕುರಾನನ್ನು ಬಾಯಿಪಾಠ ಮಾಡಿದ್ದ, ಹಳೆಯ ಅರಬ್ಬಿ ಕವಿಗಳನ್ನು ಓತಪ್ರೋತವಾಗಿ ಹೇಳಬಲ್ಲವರಾಗಿದ್ದ ಅವರಿಗೆ ಈ ಪೀಠ ಸಹಜವಾಗಿಯೇ ದಕ್ಕಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅದಕ್ಕೆ ಹಿಂದಿನ ಆರು ವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಅವರು ಕಲಿಸಿದ್ದು ಗ್ರೀಸ್ ಮತ್ತು ರೋಮಿನ ಇತಿಹಾಸವನ್ನು. ಪ್ಯಾರಿಸಿನಲ್ಲಿ ಡಾಕ್ಟರೇಟ್ ಪಡೆದದ್ದು ಸಮಾಜಶಾಸ್ತ್ರಕ್ಕೆ ಸೇರಿದ ಪ್ರಬಂಧಕ್ಕೆ. ಅದಕ್ಕೂ ಮೊದಲು, ಮುಸ್ಲಿಂ ಜಗತ್ತಿನ ಪ್ರಖ್ಯಾತ ವಿದ್ಯಾಪೀಠವಾದ ಅಲ್ ಅಝರ್‌ನ ಅಂತಿಮ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾಗಿದ್ದರು. ಇಷ್ಟು ಸಾಲದೆಂಬಂತೆ, ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದರು.

ತನ್ನದೇ ತಾಯ್ನುಡಿಯ ಸಾಹಿತ್ಯವನ್ನು ಕಲಿಸಲು ಒಬ್ಬ ವಿದ್ವಾಂಸ ಇಷ್ಟೊಂದು ಸುತ್ತಿ ಬರಬೇಕಾಯಿತೇಕೆ? ಈ ಸುತ್ತಾಟದಲ್ಲಿ ಕಳೆದ ವರ್ಷಗಳು ವ್ಯರ್ಥವಾದವೇ? ತಾಹಾ ಹುಸೇನರ ಬದುಕು ಈ ಎರಡು ಪ್ರಶ್ನೆಗಳಿಗೂ ಉತ್ತರ ನೀಡುತ್ತದೆ. ಆ ಉತ್ತರಕ್ಕೆ ಅವರು ಭಾರಿ ಬೆಲೆಯನ್ನೂ ತೆರಬೇಕಾಯಿತು.

ಹಳ್ಳಿಯ ಕೂಲಿಮಠ

ತಾಹಾ ಹುಟ್ಟಿದ್ದು 1889ರಲ್ಲಿ, ಮೇಲಣ ಈಜಿಪ್ಟಿನ ಮಿನ್ಯಾ ಪ್ರಾಂತದ ಮಘಾಘಾ ಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ. ತಂದೆ ಸಕ್ಕರೆ ಕಂಪನಿಯೊಂದರಲ್ಲಿ ಸಣ್ಣ ನೌಕರ. ಹದಿಮೂರು ಮಕ್ಕಳ ತುಂಬು ಸಂಸಾರದಲ್ಲಿ ತಾಹಾ ಏಳನೆಯವನು. ಮೂರು ವರ್ಷ ತುಂಬುವ ಹೊತ್ತಿಗೆ ಮಗುವಿಗೆ ಕಣ್ಣುಬೇನೆ ಬಂದಿತು. ನೈಲ್ ಕಣಿವೆಯ ಹಳ್ಳಿಗಳಲ್ಲಿ ಆಗ ಇದು ಸಾಮಾನ್ಯ ರೋಗ. ಊರಿನ ಕ್ಷೌರಿಕನೇ ವೈದ್ಯ. ಅವನ ಚಿಕಿತ್ಸೆಯಿಂದ ನೋಟ ಉಳಿಯಲಿಲ್ಲ.

ಕಣ್ಣಿಲ್ಲದ ಹುಡುಗನಿಗೆ ಅಂದಿನ ಹಳ್ಳಿಯಲ್ಲಿ ತೆರೆದಿದ್ದ ದಾರಿ ಒಂದೇ. ಕುತ್ತಾಬ್ ಎಂಬ ಶಾಲೆಗೆ ಸೇರಿ ಕುರಾನನ್ನು ಕಂಠಪಾಠ ಮಾಡುವುದು, ಮುಂದೆ ಅದನ್ನು ಪಠಿಸಿ ಜೀವನ ಸಾಗಿಸುವುದು. ಕುತ್ತಾಬ್ ಎಂದರೆ ನಮ್ಮ ಹಿಂದಿನ ಕಾಲದ ಕೂಲಿಮಠವಿದ್ದಂತೆ. ಒಬ್ಬ ಗುರು, ನೆಲದ ಮೇಲೆ ಕುಳಿತ ಮಕ್ಕಳು, ಗಟ್ಟಿಯಾಗಿ ಒಪ್ಪಿಸುವ ಪಾಠ, ಕೈಯಲ್ಲಿ ಬೆತ್ತ. ಒಂಬತ್ತರ ಪ್ರಾಯಕ್ಕೆ ತಾಹಾ ಕುರಾನನ್ನು ಪೂರ್ತಿ ಕಲಿತ. ನಡುವೆ ಅದನ್ನು ಮರೆತು, ತಂದೆಯ ಎದುರು ಒಪ್ಪಿಸಲಾಗದೆ ನಾಚಿಕೆಪಟ್ಟು, ಮತ್ತೆ ಕಲಿಯಬೇಕಾಗಿ ಬಂದ ಪ್ರಸಂಗವನ್ನು ಮುಂದೆ ತನ್ನ ಆತ್ಮಕಥೆ ‘ಅಲ್ ಅಯ್ಯಾಂ’ನಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ವರ್ಣಿಸಿದ್ದಾರೆ. ‘ದಿನಗಳು’ ಎಂದು ಅದರ ಹೆಸರಿನ ಅರ್ಥ. ಊರಿನ ಜಗಲಿಗಳಲ್ಲಿ ಹಾಡುಗಾರರು ಹೇಳುತ್ತಿದ್ದ ವೀರಗಾಥೆಗಳೂ ಹುಡುಗನ ಕಿವಿಗೆ ಬೀಳುತ್ತಿದ್ದವು. ಸಾಹಿತ್ಯದ ಮೊದಲ ರುಚಿ ಅವನಿಗೆ ಹತ್ತಿದ್ದು ಅಲ್ಲಿ.

ಅಝರ್‌ನ ಕಂಬಗಳ ನಡುವೆ

1902ರಲ್ಲಿ ಹದಿಮೂರರ ಬಾಲಕ ಅಣ್ಣನೊಡನೆ ಕೈರೋಗೆ ಬಂದು ಅಲ್ ಅಝರ್ ಸೇರಿದ. ಹತ್ತನೆಯ ಶತಮಾನದಲ್ಲಿ ಸ್ಥಾಪನೆಯಾದ ಆ ಮಸೀದಿ-ವಿದ್ಯಾಪೀಠದಲ್ಲಿ ತರಗತಿಯ ಕೋಣೆಗಳಿರಲಿಲ್ಲ. ಒಂದೊಂದು ಕಂಬದ ಬುಡದಲ್ಲಿ ಒಬ್ಬೊಬ್ಬ ಶೇಖ್ ಕುಳಿತು ಪಾಠ ಹೇಳುತ್ತಿದ್ದರೆ, ವಿದ್ಯಾರ್ಥಿಗಳು ಸುತ್ತ ಚಾಪೆಯ ಮೇಲೆ ಕುಳಿತು ಕೇಳುತ್ತಿದ್ದರು. ಪ್ರವೇಶದ ವೇಳೆ ಪರೀಕ್ಷಕರು ಹುಡುಗನನ್ನು ಹೆಸರು ಹಿಡಿಯದೆ ‘ಕುರುಡ’ನೆಂದೇ ಕರೆದದ್ದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಅಝರ್‌ನಲ್ಲಿ ಪ್ರಾಧಾನ್ಯವಿದ್ದುದು ಧರ್ಮಶಾಸ್ತ್ರ, ವ್ಯಾಕರಣ, ತರ್ಕಗಳಿಗೆ. ಮೂಲ ಗ್ರಂಥ, ಅದಕ್ಕೊಂದು ಭಾಷ್ಯ, ಆ ಭಾಷ್ಯಕ್ಕೊಂದು ಟಿಪ್ಪಣಿ, ಹೀಗೆ ಪದರ ಪದರವಾಗಿ ಪಾಠ ಸಾಗುತ್ತಿತ್ತು. ಸಾಹಿತ್ಯಕ್ಕೆ ಅಲ್ಲಿ ದೊರಕಿದ್ದು ಮೂಲೆಯ ಸ್ಥಾನ. ಆ ಮೂಲೆಯಲ್ಲಿ ತಾಹಾ ಕಂಡುಕೊಂಡ ಗುರು ಶೇಖ್ ಸಯ್ಯದ್ ಅಲ್ ಮರ್ಸಫಿ. ಅಬೂ ತಮ್ಮಾಮ್ ಸಂಕಲಿಸಿದ ‘ಹಮಾಸಾ’, ಅಲ್ ಮುಬರ್ರದ್‌ನ ‘ಕಾಮಿಲ್’ ಮುಂತಾದ ಪ್ರಾಚೀನ ಸಂಗ್ರಹಗಳನ್ನು ಮರ್ಸಫಿ ಪದಪದವಾಗಿ ಬಿಡಿಸಿ ಹೇಳುತ್ತಿದ್ದರು. ಕವಿಯನ್ನೂ ಟೀಕಿಸಬಹುದು, ಪ್ರತಿ ಮಾಡಿದವನನ್ನೂ ಟೀಕಿಸಬಹುದು, ಭಾಷ್ಯಕಾರನನ್ನೂ ಟೀಕಿಸಬಹುದು ಎಂಬ ಪಾಠ ಶಿಷ್ಯನಿಗೆ ಅಲ್ಲಿ ದೊರೆಯಿತು.

ಈ ಸ್ವಾತಂತ್ರ್ಯ ಬಹಳ ಕಾಲ ಉಳಿಯಲಿಲ್ಲ. ಸಾಹಿತ್ಯದ ಚರ್ಚೆಯಲ್ಲಿ ಬಂದ ಒಂದು ಮಾತು ಮೇಲಿನವರ ಕಿವಿಗೆ ಬಿದ್ದು, ತಾಹಾ ಮತ್ತು ಇಬ್ಬರು ಗೆಳೆಯರ ಮೇಲೆ ಧರ್ಮನಿಂದೆಯ ದೂರು ಬಂದಿತು. ಅವರನ್ನು ಹೊರಹಾಕುವ ಮಾತೂ ಎದ್ದಿತು. ಆಗ ಅವರ ನೆರವಿಗೆ ಬಂದವರು ‘ಅಲ್ ಜರೀದಾ’ ಪತ್ರಿಕೆಯ ಸಂಪಾದಕ ಅಹಮದ್ ಲುತ್ಫಿ ಅಲ್ ಸಯ್ಯದ್. ಆದರೂ ಅಝರ್‌ನೊಂದಿಗಿನ ಸಂಬಂಧ ಮತ್ತೆ ಸರಿಹೋಗಲಿಲ್ಲ. 1912ರಲ್ಲಿ ವಿದ್ವಾಂಸ ಪದವಿಯ ಪರೀಕ್ಷೆಗೆ ಕುಳಿತಾಗ ಪರೀಕ್ಷಕರು ಅವರನ್ನು ಅನುತ್ತೀರ್ಣಗೊಳಿಸಿದರು. ಇದು ಮೊದಲೇ ನಿರ್ಧಾರವಾಗಿತ್ತೆಂದು ತಾಹಾ ಕೊನೆಯವರೆಗೂ ನಂಬಿದ್ದರು. ಸಾಂಪ್ರದಾಯಿಕ ಮಾರ್ಗದಲ್ಲಿ ಅರಬ್ಬಿ ಅಧ್ಯಾಪಕನಾಗುವ ಬಾಗಿಲು ಅಲ್ಲಿಗೆ ಮುಚ್ಚಿತು.

ಸಂಜೆಯ ತರಗತಿಗಳು

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1908ರ ಡಿಸೆಂಬರಿನಲ್ಲಿ ಕೈರೋದಲ್ಲಿ ಈಜಿಪ್ಟ್ ವಿಶ್ವವಿದ್ಯಾಲಯ ಪ್ರಾರಂಭವಾಯಿತು. ಹಗಲು ಅಝರ್‌ನಲ್ಲಿ ಕಳೆದು ಸಂಜೆ ಹೊಸ ವಿಶ್ವವಿದ್ಯಾಲಯದ ಉಪನ್ಯಾಸಗಳಿಗೆ ಹೋಗುವುದು ತಾಹಾ ಅವರ ದಿನಚರಿಯಾಯಿತು. ಅಲ್ಲಿ ಪಾಠ ಹೇಳಲು ಯುರೋಪಿನಿಂದ ಪ್ರಾಚ್ಯ ವಿದ್ವಾಂಸರು ಬಂದಿದ್ದರು. ಇಟಲಿಯ ಕಾರ್ಲೊ ನಲ್ಲಿನೊ ಅರಬ್ಬಿ ಸಾಹಿತ್ಯದ ಚರಿತ್ರೆಯನ್ನು ಅರಬ್ಬಿಯಲ್ಲೇ ಹೇಳಿದರು. ಜರ್ಮನಿಯ ಎನ್ನೊ ಲಿಟ್‌ಮನ್ ಅರಬ್ಬಿಯನ್ನು ಹೀಬ್ರೂ, ಸಿರಿಯಾಕ್ ಮುಂತಾದ ಸೋದರ ಭಾಷೆಗಳ ಜೊತೆಗಿಟ್ಟು ನೋಡುವ ಕ್ರಮವನ್ನು ತೋರಿಸಿದರು.

ಇದು ಅಝರ್‌ನಿಂದ ಬಂದ ವಿದ್ಯಾರ್ಥಿಗೆ ಹೊಸ ಲೋಕ. ಮರ್ಸಫಿಯವರ ಬಳಿ ಕವಿತೆಯ ಒಂದೊಂದು ಪದವನ್ನೂ ತೂಗಿ ನೋಡುವುದನ್ನು ಕಲಿತಿದ್ದರೆ, ನಲ್ಲಿನೊ ಬಳಿ ಆ ಕವಿತೆ ಹುಟ್ಟಿದ ಕಾಲ, ಸಮಾಜ, ರಾಜಕೀಯಗಳನ್ನು ಕೇಳುವುದನ್ನು ಕಲಿತರು. ಎರಡೂ ಕೂಡಿದ್ದರ ಫಲವೇ 1914ರ ಅವರ ಡಾಕ್ಟರೇಟ್ ಪ್ರಬಂಧ. ಅದು ಆ ವಿಶ್ವವಿದ್ಯಾಲಯ ನೀಡಿದ ಮೊಟ್ಟಮೊದಲ ಡಾಕ್ಟರೇಟ್. ವಿಷಯ, ಸಿರಿಯಾದ ಮಅರ್ರಾ ಊರಿನ ಕವಿ ಅಬುಲ್ ಅಲಾ ಅಲ್ ಮಅರ್ರಿ. 973ರಿಂದ 1057ರವರೆಗೆ ಬಾಳಿದ ಈ ಕವಿಯೂ ಬಾಲ್ಯದಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಬಾಗ್ದಾದಿನಿಂದ ಮರಳಿದ ಮೇಲೆ ಮನೆ ಬಿಟ್ಟು ಹೊರಡದೆ ಏಕಾಂತದಲ್ಲೇ ಉಳಿದವನು. ಯಾವ ನಂಬಿಕೆಯನ್ನೂ ಪ್ರಶ್ನಿಸದೆ ಬಿಡದವನು. ತಾಹಾ ತಮ್ಮ ಜೀವಮಾನವಿಡೀ ಈ ಕವಿಯ ಬಳಿಗೆ ಮತ್ತೆ ಮತ್ತೆ ಹೋಗುತ್ತಲೇ ಇದ್ದರು.

ಪ್ಯಾರಿಸಿನ ದಾರಿ

ವಿದೇಶ ವ್ಯಾಸಂಗಕ್ಕೆ ತಾಹಾ ಸಲ್ಲಿಸಿದ ಮನವಿ ಮೊದಲು ತಿರಸ್ಕೃತವಾಗಿತ್ತು. ಕಣ್ಣಿಲ್ಲ, ಆಧುನಿಕ ಪ್ರೌಢಶಾಲೆಯ ಪ್ರಮಾಣಪತ್ರವೂ ಇಲ್ಲ. ಅವರು ಪಟ್ಟು ಬಿಡಲಿಲ್ಲ. ಡಾಕ್ಟರೇಟ್ ಬಂದ ಮೇಲೆ ವಿಶ್ವವಿದ್ಯಾಲಯ ಒಪ್ಪಿತು. ಆದರೆ ಆ ವೇಳೆಗೆ ಮೊದಲ ಮಹಾಯುದ್ಧ ಪ್ರಾರಂಭವಾಗಿತ್ತು. ಆದ್ದರಿಂದ ಪ್ಯಾರಿಸಿನ ಬದಲು ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆಗೆ ಹೋಗಬೇಕಾಯಿತು. ವರ್ಷ ಕಳೆಯುವ ಮುನ್ನವೇ ವಿಶ್ವವಿದ್ಯಾಲಯದ ಬೊಕ್ಕಸ ಬರಿದಾಗಿ, 1915ರಲ್ಲಿ ವಿದ್ಯಾರ್ಥಿಗಳನ್ನೆಲ್ಲ ಹಿಂದಕ್ಕೆ ಕರೆಸಿಕೊಂಡರು. ಕೆಲವು ತಿಂಗಳು ಕೈರೋದಲ್ಲಿ ಕೈಕಟ್ಟಿ ಕುಳಿತ ಬಳಿಕ ಹಣದ ವ್ಯವಸ್ಥೆಯಾಯಿತು. ವರ್ಷಾಂತ್ಯದಲ್ಲಿ ಅವರು ಪ್ಯಾರಿಸಿನ ಸಾರ್ಬಾನ್ ತಲುಪಿದರು.

ಅಲ್ಲಿ ಅವರು ಓದಿದ್ದು ಅರಬ್ಬಿ ಸಾಹಿತ್ಯವನ್ನಲ್ಲ. ಫ್ರೆಂಚ್ ಪದವಿಗೆ ಲ್ಯಾಟಿನ್ ಕಡ್ಡಾಯ. ಅಲೆಕ್ಸಾಂಡ್ರಿಯಾದ ಹಡಗು ಹತ್ತುವವರೆಗೆ ಲ್ಯಾಟಿನ್ನಿನ ಒಂದಕ್ಷರವೂ ತಿಳಿಯದಿದ್ದವರು ಅದನ್ನು ಕಲಿತರು, ಗ್ರೀಕ್ ಮತ್ತು ರೋಮನ್ ಇತಿಹಾಸವನ್ನು ಅಭ್ಯಾಸ ಮಾಡಿದರು. ಪುಸ್ತಕವನ್ನು ಓದಿ ಹೇಳುವವರು ಜೊತೆಗಿಲ್ಲದೆ ಅವರ ಓದು ಸಾಗುವಂತಿರಲಿಲ್ಲ. ಮಾಂಪೆಲಿಯೆಯಲ್ಲಿ ಓದುಗಿತ್ತಿಯಾಗಿ ಬಂದ ಸುಝಾನ್ ಬ್ರೆಸ್ಸೋ 1917ರಲ್ಲಿ ಅವರ ಕೈಹಿಡಿದರು. ಡಾಕ್ಟರೇಟ್ ಪ್ರಬಂಧದ ವಿಷಯ 14ನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನನ ಸಾಮಾಜಿಕ ಚಿಂತನೆ. ಆಧುನಿಕ ಸಮಾಜಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದ ಎಮಿಲ್ ದುರ್ಖೈಮ್ ಮೊದಲಿಗೆ ಅವರ ಮಾರ್ಗದರ್ಶಕರಾಗಿದ್ದರು. 1917ರಲ್ಲಿ ದುರ್ಖೈಮ್ ತೀರಿಕೊಂಡದ್ದರಿಂದ ಕೆಲಸ ಬೇರೆಯವರ ಕೈಕೆಳಗೆ ಮುಗಿಯಿತು.

1919ರಲ್ಲಿ ಕೈರೋಗೆ ಮರಳಿದಾಗ ಅವರಿಗೆ ದೊರೆತದ್ದು ಪ್ರಾಚೀನ ಇತಿಹಾಸದ ಅಧ್ಯಾಪಕ ಹುದ್ದೆ. ಅವರು ಅಥೆನ್ಸಿನ ಪ್ರಜಾಪ್ರಭುತ್ವವನ್ನು, ರೋಮಿನ ಸಾಮ್ರಾಜ್ಯವನ್ನು ಈಜಿಪ್ಟಿನ ವಿದ್ಯಾರ್ಥಿಗಳಿಗೆ ಅರಬ್ಬಿಯಲ್ಲಿ ವಿವರಿಸಿದರು. ಅಥೆನ್ಸಿನ ಸಂವಿಧಾನವನ್ನು ಕುರಿತ ಅರಿಸ್ಟಾಟಲನ ಗ್ರಂಥವನ್ನು 1921ರಲ್ಲಿ ಅರಬ್ಬಿಗೆ ತಂದರು. ಜೊತೆಜೊತೆಗೆ ‘ಅಲ್ ಸಿಯಾಸಾ’ ಪತ್ರಿಕೆಯಲ್ಲಿ ಪ್ರತಿ ಬುಧವಾರ ಹಳೆಯ ಅರಬ್ಬಿ ಕವಿಗಳನ್ನು ಕುರಿತು ಅಂಕಣ ಬರೆಯುತ್ತಿದ್ದರು. ಅಂದರೆ, ತರಗತಿಯಲ್ಲಿ ಗ್ರೀಕರು, ಪತ್ರಿಕೆಯಲ್ಲಿ ಅರಬ್ಬರು. 1925ರ ನೇಮಕದಿಂದ ಇವೆರಡೂ ಒಂದೇ ತರಗತಿಯಲ್ಲಿ ಕೂಡಿದವು.

ಬಿರುಗಾಳಿ ಎಬ್ಬಿಸಿದ ಪಾಠ

ಕೂಡಿದ್ದರ ಪರಿಣಾಮ ಒಂದೇ ವರ್ಷದಲ್ಲಿ ಕಾಣಿಸಿತು. ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸಗಳನ್ನೇ ಕ್ರೋಢೀಕರಿಸಿ 1926ರಲ್ಲಿ ತಾಹಾ ‘ಫಿ ಅಲ್ ಶಿಅರ್ ಅಲ್ ಜಾಹಿಲಿ’ ಎಂಬ ಪುಸ್ತಕ ಪ್ರಕಟಿಸಿದರು. ಇಸ್ಲಾಂ ಪೂರ್ವದ ಕಾವ್ಯವನ್ನು ಕುರಿತದ್ದೆಂದು ಹೆಸರಿನ ತಾತ್ಪರ್ಯ. ಇಸ್ಲಾಂ ಉದಯಕ್ಕೆ ಮೊದಲಿನ ಮರುಭೂಮಿಯ ಕವಿಗಳ ರಚನೆಗಳೆಂದು ಹೇಳಲಾಗುವ ಈ ಕಾವ್ಯ ಅರಬ್ಬಿಗೆ ಅಡಿಗಲ್ಲಿದ್ದಂತೆ. ಶುದ್ಧ ಅರಬ್ಬಿಯ ಮಾದರಿಗೆ ವ್ಯಾಕರಣಕಾರರು ಮೊರೆಹೋದದ್ದು ಅದಕ್ಕೆ. ಕುರಾನಿನ ಕಠಿಣ ಪದಗಳ ಅರ್ಥಕ್ಕೆ ವ್ಯಾಖ್ಯಾನಕಾರರು ಸಾಕ್ಷಿಯಾಗಿ ಉದಾಹರಿಸಿದ್ದು ಅದನ್ನೇ.

ಈ ಕಾವ್ಯದ ಬಹುಭಾಗ ಇಸ್ಲಾಂ ಪೂರ್ವದ್ದೇ ಅಲ್ಲ, ನಂತರದವರು ಕಟ್ಟಿ ಹಿಂದಿನವರ ಹೆಸರಿಗೆ ಅಂಟಿಸಿದ್ದು ಎಂದು ತಾಹಾ ವಾದಿಸಿದರು. ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಹೇಳಿದಂತೆ, ಹಿಂದೆ ತಿಳಿದದ್ದನ್ನೆಲ್ಲ ಬದಿಗಿಟ್ಟು, ಸಂಶಯದಿಂದಲೇ ಪ್ರಾರಂಭಿಸಬೇಕೆಂಬುದು ಅವರ ಕ್ರಮ. ದಕ್ಷಿಣ ಅರೇಬಿಯಾದ ಹಿಮ್ಯರೀ ಭಾಷೆ ಉತ್ತರದ ಅರಬ್ಬಿಗಿಂತ ಬೇರೆಯಾಗಿದ್ದಿತೆಂದು ಶಾಸನಗಳು ತೋರಿಸುವಾಗ, ದಕ್ಷಿಣ ಮೂಲದ ಕವಿಗಳೂ ಉತ್ತರದ ಒಂದೇ ಬಗೆಯ ಅರಬ್ಬಿಯಲ್ಲಿ ಹೇಗೆ ಹಾಡಿದರು? ಬುಡಕಟ್ಟುಗಳ ಪೈಪೋಟಿ, ಧರ್ಮಪ್ರಚಾರ, ಕಥೆಗಾರರ ಜಾಣ್ಮೆ, ಅರಬ್ಬರು ಮತ್ತು ಪರ್ಷಿಯನ್ನರ ಮೇಲಾಟ, ಕಂಠಪಾಠದಿಂದ ಕಾವ್ಯ ಒಯ್ಯುತ್ತಿದ್ದ ರಾವಿಗಳ ಕೈವಾಡ, ಇವೆಲ್ಲ ಸುಳ್ಳು ಕವಿತೆಗಳ ಸೃಷ್ಟಿಗೆ ಕಾರಣವೆಂದು ಅವರು ಪಟ್ಟಿಮಾಡಿದರು.

ಇಲ್ಲಿ ಬಳಸುದಾರಿಯ ಒಂದೊಂದು ಮಜಲೂ ಗುರುತಿಗೆ ಸಿಗುತ್ತದೆ. ಪದಗಳ ತೂಕ ನೋಡಿದ್ದು ಮರ್ಸಫಿಯ ಶಿಷ್ಯ. ಭಾಷೆಗಳನ್ನು ಹೋಲಿಸಿದ್ದು ಲಿಟ್‌ಮನ್ನರ ವಿದ್ಯಾರ್ಥಿ. ಬುಡಕಟ್ಟಿನ ಅಭಿಮಾನ ಹೇಗೆ ಚರಿತ್ರೆಯನ್ನು ರೂಪಿಸುತ್ತದೆಂದು ಕೇಳಿದ್ದು ಇಬ್ನ್ ಖಲ್ದೂನನ ಓದುಗ. ಅವರನ್ನು ಹೆಚ್ಚು ಅಪಾಯಕ್ಕೆ ಒಡ್ಡಿದ ಮಾತಂತೂ ಗ್ರೀಸ್-ರೋಮಿನ ಅಧ್ಯಾಪಕನ ಮಾತು. ಅಬ್ರಹಾಂ ಮತ್ತು ಇಸ್ಮಾಯಿಲರ ಪ್ರಸ್ತಾಪ ಧರ್ಮಗ್ರಂಥಗಳಲ್ಲಿದೆ ಎಂದಷ್ಟಕ್ಕೇ ಅವರ ಐತಿಹಾಸಿಕ ಅಸ್ತಿತ್ವ ಸಿದ್ಧವಾಗದು ಎಂದು ಬರೆದ ತಾಹಾ, ಅರಬ್ಬರ ಮೂಲವನ್ನು ಇಸ್ಮಾಯಿಲರಿಗೆ ಜೋಡಿಸುವ ಕಥೆಯನ್ನು ರೋಮನ್ನರು ತಮ್ಮ ಮೂಲವನ್ನು ಟ್ರಾಯ್‌ನ ವೀರ ಈನಿಯಸನಿಗೆ ಜೋಡಿಸಿಕೊಂಡ ಕಥೆಯೊಡನೆ ಹೋಲಿಸಿದರು. ಇತಿಹಾಸದ ತರಗತಿಯಲ್ಲಿ ಸಲೀಸಾಗಿ ಹೇಳಬಹುದಾಗಿದ್ದ ಹೋಲಿಕೆ ಅದು. ಸಾಹಿತ್ಯದ ತರಗತಿಯಲ್ಲಿ, ಅದೂ ಈ ವಿಷಯದಲ್ಲಿ, ಕೋಟ್ಯಂತರ ಜನರ ಶ್ರದ್ಧೆಗೆ ಅದು ನೇರವಾಗಿ ತಾಗಿತು.

ಅಝರ್ ಕೆರಳಿತು. ಸರ್ಕಾರಕ್ಕೆ ದೂರುಗಳು ಹೋದವು, ಸಂಸತ್ತಿನಲ್ಲಿ ಗದ್ದಲವಾಯಿತು, ಪ್ರಾಧ್ಯಾಪಕರನ್ನು ವಜಾ ಮಾಡಬೇಕೆಂಬ ಒತ್ತಾಯ ಬಂದಿತು. ಪುಸ್ತಕವನ್ನು ಹಿಂತೆಗೆದುಕೊಳ್ಳಲಾಯಿತು. ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅದೇ ಲುತ್ಫಿ ಅಲ್ ಸಯ್ಯದ್ ಅಧ್ಯಾಪಕರನ್ನು ಬಿಟ್ಟುಕೊಡಲಿಲ್ಲ. ವಿಚಾರಣೆ ನಡೆಸಿದ ಸರ್ಕಾರಿ ಅಭಿಯೋಜಕ ಮುಹಮ್ಮದ್ ನೂರ್ ಪುಸ್ತಕವನ್ನು ಸಾವಧಾನದಿಂದ ಓದಿ, ಅದರ ವಾದಗಳಲ್ಲಿನ ದೋಷಗಳನ್ನು ಎತ್ತಿ ತೋರಿಸಿ, ಲೇಖಕನ ಉದ್ದೇಶ ಸಂಶೋಧನೆಯೇ ಹೊರತು ಧರ್ಮನಿಂದೆಯಲ್ಲ ಎಂದು ನಿರ್ಣಯಿಸಿ 1927ರ ಮಾರ್ಚಿನಲ್ಲಿ ಮೊಕದ್ದಮೆಯನ್ನು ಮುಕ್ತಾಯ ಮಾಡಿದರು. ಅದೇ ವರ್ಷ ತಾಹಾ ವಿವಾದದ ಭಾಗವನ್ನು ತೆಗೆದು, ಉಳಿದದ್ದನ್ನು ವಿಸ್ತರಿಸಿ, ಬೇರೆ ಹೆಸರಿನಲ್ಲಿ ಪುಸ್ತಕವನ್ನು ಹೊರತಂದರು. ಮುಖ್ಯ ವಾದ ಹಾಗೆಯೇ ಉಳಿಯಿತು.

ಆ ವಾದವನ್ನು ಇಂದು ಹೆಚ್ಚಿನ ವಿದ್ವಾಂಸರು ಇಡಿಯಾಗಿ ಒಪ್ಪುವುದಿಲ್ಲ. 1956ರಲ್ಲಿ ನಾಸಿರುದ್ದೀನ್ ಅಲ್ ಅಸದ್ ಈ ಕಾವ್ಯದ ಆಕರಗಳನ್ನು ವಿವರವಾಗಿ ಪರಿಶೀಲಿಸಿ, ಅದರ ಪ್ರಾಚೀನತೆಯ ಪರವಾಗಿ ಬರೆದರು. 1970ರ ದಶಕದಲ್ಲಿ ಜೇಮ್ಸ್ ಮನ್ರೋ, ಮೈಕೆಲ್ ಝ್ವೆಟ್ಲರ್ ಮುಂತಾದವರು ಬೇರೊಂದು ನೆಲೆಯನ್ನು ತೋರಿಸಿದರು. ಬಾಯಿಂದ ಬಾಯಿಗೆ ಹರಿಯುವ ಕಾವ್ಯದಲ್ಲಿ ಪಾಠ ಬದಲಾಗುವುದು ಸಹಜ, ಅದನ್ನು ಅಸಲಿ ಅಥವಾ ನಕಲಿ ಎಂದು ಎರಡೇ ಗುಂಪು ಮಾಡಲಾಗದು ಎಂಬುದು ಅವರ ನಿಲುವು. ತಾಹಾ ಕೊಟ್ಟ ಉತ್ತರ ಹೀಗೆ ಹಿಂದೆ ಸರಿಯಿತು. ಆದರೆ ಈ ಕವಿತೆ ನಮ್ಮ ಕೈಗೆ ಹೇಗೆ ಬಂದಿತು, ಯಾರು ತಂದರು, ತರುವಾಗ ಏನಾಯಿತು ಎಂಬ ಪ್ರಶ್ನೆಗಳನ್ನು ಅವರ ನಂತರದವರು ಯಾರೂ ದಾಟಿ ಹೋಗುವಂತಿಲ್ಲವಾಯಿತು.

ಶಿಷ್ಯರು ಮತ್ತು ಶಾಲೆಗಳು

ಮುಂದಿನ ದಾರಿಯೂ ನೇರವಾಗಿರಲಿಲ್ಲ. ಕಲಾ ವಿಭಾಗದ ಡೀನ್ ಆಗಿದ್ದ ತಾಹಾ, ಸರ್ಕಾರ ಸೂಚಿಸಿದ ರಾಜಕಾರಣಿಗಳಿಗೆ ಗೌರವ ಡಾಕ್ಟರೇಟ್ ನೀಡಲು ಒಪ್ಪಲಿಲ್ಲ. ಇಸ್ಮಾಯಿಲ್ ಸಿದ್ಕಿ ಸರ್ಕಾರ 1932ರಲ್ಲಿ ಅವರನ್ನು ವಿಶ್ವವಿದ್ಯಾಲಯದಿಂದ ಎತ್ತಂಗಡಿ ಮಾಡಿ, ಬಳಿಕ ಸೇವೆಯಿಂದಲೇ ವಜಾಗೊಳಿಸಿತು. ಲುತ್ಫಿ ಅಲ್ ಸಯ್ಯದ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಪತ್ರಿಕಾ ಬರಹದಲ್ಲಿ ದಿನ ದೂಡಿದ ತಾಹಾ 1934ರಲ್ಲಿ ತಮ್ಮ ಪೀಠಕ್ಕೆ ಮರಳಿದರು.

ಬಳಸುದಾರಿಯಲ್ಲಿ ಬಂದವರ ಕಷ್ಟ ಅವರಿಗೆ ಗೊತ್ತಿತ್ತು. ವೈದ್ಯಕೀಯ ಕಲಿಯಬೇಕೆಂದು ಬಂದ ಸುಹೈರ್ ಅಲ್ ಕಲಮಾವಿಗೆ ಆ ವಿಭಾಗದಲ್ಲಿ ಪ್ರವೇಶ ಸಿಗದಾದಾಗ, ಅವರನ್ನು ಅರಬ್ಬಿ ವಿಭಾಗಕ್ಕೆ ಸೇರಿಸಿಕೊಂಡವರು ತಾಹಾ. ಆಕೆ ‘ಸಾವಿರದೊಂದು ರಾತ್ರಿಗಳು’ ಕುರಿತು ಸಂಶೋಧನೆ ನಡೆಸಿ 1941ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅದೇ ವಿಭಾಗದ ಪ್ರಾಧ್ಯಾಪಕಿಯಾದರು. ಪಂಡಿತರು ಕಡೆಗಣಿಸಿದ್ದ ಜನಪ್ರಿಯ ಕಥೆಗಳಿಗೆ ಈ ಮೂಲಕ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಇನ್ನೊಬ್ಬ ಶಿಷ್ಯ ಶೌಕಿ ದೈಫ್ ಅರಬ್ಬಿ ಸಾಹಿತ್ಯದ ಚರಿತ್ರೆಯನ್ನು ಸಂಪುಟ ಸಂಪುಟಗಳಲ್ಲಿ ಬರೆದರು.

1950ರಲ್ಲಿ ವಫ್ದ್ ಪಕ್ಷದ ಸರ್ಕಾರದಲ್ಲಿ ತಾಹಾ ಶಿಕ್ಷಣ ಸಚಿವರಾದರು. ಕುಡಿಯುವ ನೀರಿನಂತೆ, ಉಸಿರಾಡುವ ಗಾಳಿಯಂತೆ ಶಿಕ್ಷಣವೂ ಎಲ್ಲರಿಗೂ ದಕ್ಕಬೇಕೆಂಬುದು ಅವರ ವಾದ. ಪ್ರಾಥಮಿಕ ಶಿಕ್ಷಣ ಆಗಲೇ ಉಚಿತವಾಗಿತ್ತು. ಅವರ ಕಾಲದಲ್ಲಿ ಪ್ರೌಢಶಿಕ್ಷಣದ ಶುಲ್ಕವೂ ರದ್ದಾಯಿತು. 1952ರ ಜನವರಿಯಲ್ಲಿ ಸರ್ಕಾರ ಬಿದ್ದು ಅವರ ಅಧಿಕಾರ ಮುಗಿಯಿತು. ಪ್ರೌಢಶಾಲೆಯ ಪ್ರಮಾಣಪತ್ರವಿಲ್ಲವೆಂದು ಒಮ್ಮೆ ಹಿಂದಕ್ಕೆ ಕಳುಹಿಸಲ್ಪಟ್ಟಿದ್ದ ವ್ಯಕ್ತಿ ಎರಡು ವರ್ಷಗಳ ಅಧಿಕಾರದಲ್ಲಿ ಮಾಡಿದ ಈ ಕೆಲಸದಿಂದ ಬಡ ಮನೆಗಳ ಮಕ್ಕಳಿಗೆ ಆ ಪ್ರಮಾಣಪತ್ರದ ದಾರಿ ಸುಗಮವಾಯಿತು.

1973ರ ಅಕ್ಟೋಬರ್ 28ರಂದು ತಾಹಾ ಹುಸೇನ್ ನಿಧನರಾದರು. ಅರಬ್ ಜಗತ್ತು ಅವರನ್ನು ಈಗಲೂ ‘ಅರಬ್ಬಿ ಸಾಹಿತ್ಯದ ಡೀನ್’ ಎಂದೇ ನೆನೆಯುತ್ತದೆ. ಸರ್ಕಾರವೊಂದು ಕಿತ್ತುಕೊಂಡಿದ್ದ ಪದವಿಯ ಹೆಸರು ಹೀಗೆ ಬಿರುದಾಗಿ ಉಳಿದಿದೆ.